ಲಂಡನ್ನಿನಲ್ಲಿ ಚಾಪ್ಲಿನ್ ಬಾಡಿಗೆ ಮನೆ

ಮೊದಲು ನಾನು ಅದನ್ನು ಹಲ್ಲಿನ ಡಾಕ್ಟರ ಬೋರ್ಡು ಅಂದುಕೊಂಡೆ!

ಲಂಡನ್ನಿನಲ್ಲಿ ಕ್ರಾಮ್‌ವೆಲ್ ರಸ್ತೆ ಅಂತ ಒಂದು ದೊಡ್ಡ ರಸ್ತೆ. ಹಗಲೂ ರಾತ್ರಿ ಕಾರು, ಲಾರಿಗಳು ಗುಯ್ಯೆಂದು ಹಾಯುವ ದಾರಿ. ಆಚೀಚೆ ಹಳೇ ಕಾಲದ ಎತ್ತರದ ಮನೆಗಳು, ಅದರಲ್ಲಿ ಎಷ್ಟೋ ಈಗ ಹೋಟೆಲು. ಅಂಥದೊಂದು ಅಗ್ಗದ ಹೋಟೆಲಿನಲ್ಲಿ ನಮ್ಮ ಯೂನಿಟ್ಟು ಇಳಿದಿತ್ತು. ಎರಡು ಹಾಡು, ಒಂದು ಚೇಸು. 'ಪ್ರಚಾರಕ್ಕೆ ಬರೆಯೋಕೆ ಒಬ್ಬ ಹುಡುಗ ಇರಲಿ, ಸಾಮಾನು ಎತ್ತೋಕೂ ಆಗ್ತಾನೆ' ಅಂತ ನಿರ್ಮಾಪಕರು ನನ್ನನ್ನೂ ವಿಮಾನ ಹತ್ತಿಸಿದ್ದರು. ಬರೆದದ್ದು ಕಮ್ಮಿ, ಎತ್ತಿದ್ದು ಜಾಸ್ತಿ. ಇರಲಿ ಬಿಡಿ.

ಮೊದಲ ದಿನ ಬೆಳಿಗ್ಗೆ ಏಳು ಗಂಟೆಗೆ ಕಾಫಿ ಹುಡುಕಿಕೊಂಡು ಹೊರಟವರು ನಾನು ಮತ್ತು ಮೇಕಪ್ಪಣ್ಣ. ಅವರ ಹೆಸರು ಬರೆದರೆ ಬೈತಾರೆ, ಅದಕ್ಕೇ ಮೇಕಪ್ಪಣ್ಣ ಅಂತಲೇ ಕರೀತೀನಿ. ಅರವತ್ತನಾಲ್ಕು ವರ್ಷ. ಹುಬ್ಬು ತಿದ್ದುತ್ತಾ, ಗಡ್ಡ ಅಂಟಿಸುತ್ತಾ ನಲವತ್ತು ವರ್ಷ ಕಳೆದವರು. 153ನೇ ನಂಬರಿನ ಮನೆ ಮುಂದೆ ಅವರು ಗಕ್ಕನೆ ನಿಂತು ಮೇಲೆ ತೋರಿಸಿದರು. ಗೋಡೆಗೆ ಗುಂಡಗೆ ಒಂದು ನೀಲಿ ಬಿಲ್ಲೆ. ಹೆಚ್ಚೂಕಮ್ಮಿ ಒಂದು ಮೊರದಗಲ. ಅದರ ಮೇಲೆ ಬಿಳಿ ಅಕ್ಷರ.

ಪಿಯುಸಿಗೆ ಅರ್ಧದಲ್ಲೇ ಕೈ ಮುಗಿದು ಬಂದವನ ಇಂಗ್ಲಿಷು ನನ್ನದು. ಆದರೂ ಆ ಹೆಸರು ಓದೋಕೆ ಡಿಗ್ರಿ ಬೇಕಿರಲಿಲ್ಲ. ಸರ್ ಆಲ್ಫ್ರೆಡ್ ಹಿಚ್‌ಕಾಕ್, ಚಿತ್ರ ನಿರ್ದೇಶಕ, 1926ರಿಂದ 1939ರವರೆಗೆ ಇಲ್ಲಿ ವಾಸವಾಗಿದ್ದರು. ಅಷ್ಟೇ. 'ಮಹಾನ್' ಇಲ್ಲ, 'ಸಾಮ್ರಾಟ್' ಇಲ್ಲ, ಉದ್ಘಾಟನೆ ಮಾಡಿದ ಮಂತ್ರಿಗಳ ಹೆಸರೂ ಇಲ್ಲ! 'ದಿ ಥರ್ಟಿನೈನ್ ಸ್ಟೆಪ್ಸ್', 'ದಿ ಲೇಡಿ ವ್ಯಾನಿಷಸ್' ತೆಗೆಯುವಾಗ ಈ ಮನೆಯ ಮೆಟ್ಟಿಲು ಹತ್ತಿ ಇಳಿದಿದ್ದಾನೆ ಆ ಮಹಾನುಭಾವ. ಇಲ್ಲಿಂದಲೇ ಗಂಟುಮೂಟೆ ಕಟ್ಟಿಕೊಂಡು ಹಾಲಿವುಡ್ಡಿಗೆ ಹೋದದ್ದು. ನನಗೆ ಮೈ ಜುಂ ಅಂತು.

ಮೇಕಪ್ಪಣ್ಣನಿಗೆ ಕನ್ನಡದಲ್ಲಿ ಓದಿ ಹೇಳಿದೆ. ಅವರು ಬೆರಳು ಮಡಚಿ ಲೆಕ್ಕ ಹಾಕಿದರು.

"ಹದಿಮೂರು ವರ್ಷ ಒಂದೇ ಮನೇಲಾ? ಓನರ್ ಒಳ್ಳೇವ್ನಿರಬೇಕು ಕಣೋ ಮರಿ."

ನಾನು ನಕ್ಕೆ. ಅವರು ನಗಲಿಲ್ಲ. ಅದು ಯಾಕೆ ಅಂತ ಆಮೇಲೆ ಹೇಳ್ತೀನಿ.

ಆ ದಿನದಿಂದ ನಮ್ಮಿಬ್ಬರಿಗೂ ಒಂದು ಹುಚ್ಚು ಹಿಡಿಯಿತು. ಶೂಟಿಂಗ್ ಬಿಟ್ಟ ತಕ್ಷಣ ನೀಲಿ ಬಿಲ್ಲೆ ಹುಡುಕೋದು. ಈ ಊರಿನಲ್ಲಿ ಅವು ಸಾವಿರ ದಾಟಿವೆ. ಸಾವಿರದ ಬಿಲ್ಲೆ ಹಾಕಿದ್ದು 2023ರಲ್ಲಿ. ಶುರುವಾದದ್ದು ಒಂದು ಶತಮಾನಕ್ಕೂ ಹಿಂದೆ. 1863ರಲ್ಲಿ ವಿಲಿಯಂ ಯುವಾರ್ಟ್ ಅನ್ನುವ ಪಾರ್ಲಿಮೆಂಟಿನ ಸದಸ್ಯ ಎದ್ದು ನಿಂತು, ದೊಡ್ಡವರು ಬಾಳಿದ ಮನೆಗಳಿಗೆ ಗುರುತು ಹಾಕಬೇಕು ಅಂದ. ಸರ್ಕಾರ ಕೈ ಹಾಕಲಿಲ್ಲ. ಸೊಸೈಟಿ ಆಫ್ ಆರ್ಟ್ಸ್ ಅನ್ನುವ ಸಂಸ್ಥೆ 1866ರಲ್ಲಿ ವಹಿಸಿಕೊಂಡಿತು. 1901ರಿಂದ ನಗರದ ಆಡಳಿತ ನೋಡಿಕೊಂಡಿತು. 1986ರಿಂದ ಇಂಗ್ಲಿಷ್ ಹೆರಿಟೇಜ್ ಅನ್ನುವ ಸಂಸ್ಥೆಯ ಕೈಲಿದೆ.

ಮೊಟ್ಟಮೊದಲ ಬಿಲ್ಲೆ ಬಿದ್ದದ್ದು 1867ರಲ್ಲಿ, ಕವಿ ಬೈರನ್ ಹುಟ್ಟಿದ ಹೋಲ್ಸ್ ಬೀದಿಯ ಮನೆಗೆ. ಸರಿ, ನೋಡೇಬಿಡೋಣ ಅಂತ ಹೋದೆವು. ಹೋದರೆ ಅಲ್ಲಿರೋದು ದೊಡ್ಡ ಬಟ್ಟೆಬರೆ ಅಂಗಡಿ! ಮನೆಯನ್ನು 1889ರಲ್ಲೇ ಕೆಡವಿದ್ದರಂತೆ. ಬಿಲ್ಲೆಯೂ ಅದರ ಜೊತೆಗೇ ಹೋಯಿತು. ಅದೇ 1867ರಲ್ಲಿ ಹಾಕಿದ ಇನ್ನೊಂದು ಮಾತ್ರ ಇನ್ನೂ ಉಳಿದಿದೆ, ಫ್ರಾನ್ಸಿನ ಮೂರನೇ ನೆಪೋಲಿಯನ್ ಇದ್ದ ಮನೆ ಗೋಡೆಯಲ್ಲಿ. ತಮಾಷೆ ಅಂದರೆ ಆಗ ಅವನು ಬದುಕಿದ್ದ! ಬದುಕಿರುವಾಗಲೇ ಬಿಲ್ಲೆ ಹಾಕಿಸಿಕೊಂಡವನು ಅವನೊಬ್ಬನೇ. ಈಗ ಆ ಆಟ ನಡೆಯೋದಿಲ್ಲ. ಸತ್ತು ಇಪ್ಪತ್ತು ವರ್ಷ ಆಗಿರಬೇಕು. ಆ ಮನೆ ನಿಂತಿರಬೇಕು, ಅದೂ ಆ ಮನುಷ್ಯ ಎದ್ದು ಬಂದು ನೋಡಿದರೆ 'ಹೌದು, ಇದು ನನ್ನ ಮನೆ' ಅನ್ನೋ ಹಾಗೆ. ಮನೆ ಮಾಲೀಕ ಒಪ್ಪಬೇಕು. ಒಬ್ಬರಿಗೆ ಒಂದೇ ಬಿಲ್ಲೆ.

"ಇಪ್ಪತ್ತು ವರ್ಷ ಯಾಕಂತೆ?"

"ಸತ್ತ ಬಿಸೀಲಿ ಎಲ್ರೂ ದೊಡ್ಡೋರೇ ಅಲ್ವೇನಣ್ಣಾ. ಇಪ್ಪತ್ತು ವರ್ಷ ಆದ್ಮೇಲೂ ಜನ ನೆನೆಸ್ಕೊಂಡ್ರೆ ಆಗ ಸೈ."

ಮೇಕಪ್ಪಣ್ಣ ತಲೆ ಆಡಿಸಿದರು. ಹಿಂದಿನ ಶುಕ್ರವಾರದ ಹೀರೋನ ಹೆಸರು ಮುಂದಿನ ಶುಕ್ರವಾರಕ್ಕೆ ಉಳಿಯದ ಗಾಂಧಿನಗರದಲ್ಲಿ ಬೆಳೆದವರಿಗೆ ಈ ಲೆಕ್ಕ ಬೇಗ ಅರ್ಥವಾಗುತ್ತೆ.

ಬ್ರೂಕ್ ಬೀದಿಯಲ್ಲಿ ಒಂದು ಚೋದ್ಯ ನೋಡಿದೆವು. ಅಕ್ಕಪಕ್ಕದ ಎರಡು ಮನೆಗೆ ಎರಡು ಬಿಲ್ಲೆ. 25ನೇ ನಂಬರಿನಲ್ಲಿ ಹ್ಯಾಂಡೆಲ್, 1723ರಿಂದ 1759ರಲ್ಲಿ ಸಾಯುವವರೆಗೂ ಇದ್ದ ಸಂಗೀತ ಸಾರ್ವಭೌಮ. ಗೋಡೆಯಾಚೆ 23ನೇ ನಂಬರಿನ ಮಹಡಿಯಲ್ಲಿ ಜಿಮಿ ಹೆಂಡ್ರಿಕ್ಸ್, 1968–69ರಲ್ಲಿ ಇದ್ದ ಗಿಟಾರಿನ ಗಂಡುಗಲಿ. ಇಬ್ಬರ ನಡುವೆ ಒಂದು ಗೋಡೆ, ಇನ್ನೂರು ವರ್ಷ! ಈಟನ್ ಸ್ಕ್ವೇರಿನ 54ನೇ ನಂಬರಿನಲ್ಲಿ 'ಗಾನ್ ವಿತ್ ದ ವಿಂಡ್' ಖ್ಯಾತಿಯ ವಿವಿಯನ್ ಲೀ. ಈ ಸುಂದರಿ ಹುಟ್ಟಿದ್ದು ನಮ್ಮ ಡಾರ್ಜಿಲಿಂಗಿನಲ್ಲಿ, 1913ರಲ್ಲಿ. ಆಕೆಯ ತಂದೆಯನ್ನು 1917ರಲ್ಲಿ ಬೆಂಗಳೂರಿಗೆ ವರ್ಗ ಮಾಡಿದರು, ಅಶ್ವದಳದ ಅಧಿಕಾರಿ. ತಾಯಿ ಮಗಳು ಮಾತ್ರ ಊಟಿಯಲ್ಲೇ ಉಳಿದರಂತೆ. ಆ ಮಗು ಅಪ್ಪನ ಜೊತೆ ನಮ್ಮೂರಿಗೆ ಬಂದಿದ್ದರೆ ದಂಡು ಪ್ರದೇಶದ ಯಾವ ಬಂಗಲೆಗೆ ನಾವು ಬಿಲ್ಲೆ ಹಾಕುತ್ತಿದ್ದೆವೋ! ಇದು ನನ್ನ ಹಗಲುಗನಸು.

ಆದರೆ ಆ ವಾರ ನನ್ನ ಗಂಟಲು ಕಟ್ಟಿಸಿದ್ದು ಟ್ಯಾವಿಟನ್ ಬೀದಿಯ 4ನೇ ನಂಬರಿನ ಮನೆ. ಬ್ಲೂಮ್ಸ್‌ಬರಿ ಅನ್ನುವ ಬಡಾವಣೆ, ಸಂಜೆ ಆರೂವರೆ, ಬೀದಿಯಲ್ಲಿ ನಾವಿಬ್ಬರೇ. ಬಿಲ್ಲೆಯ ಮೇಲೆ ನೂರ್ ಇನಾಯತ್ ಖಾನ್ ಅಂತ ಹೆಸರು. 2020ರ ಆಗಸ್ಟಿನಲ್ಲಿ ಹಾಕಿದ್ದು. ಈಕೆ ಯಾರು ಗೊತ್ತೆ? ನಮ್ಮ ಶ್ರೀರಂಗಪಟ್ಟಣದ ಟಿಪ್ಪು ಸುಲ್ತಾನನ ವಂಶದ ಹುಡುಗಿ! ಹುಟ್ಟಿದ್ದು 1914ರಲ್ಲಿ ಮಾಸ್ಕೋದಲ್ಲಿ, ಬೆಳೆದದ್ದು ಪ್ಯಾರಿಸ್ಸಿನ ಹತ್ತಿರ. ಅಪ್ಪ ಸೂಫಿ ಗುರು, ವೀಣೆ ನುಡಿಸುತ್ತಿದ್ದವರು. ಈಕೆ ಮಕ್ಕಳಿಗೆ ಕತೆ ಬರೆಯುತ್ತಿದ್ದಳು. ಯುದ್ಧ ಬಂತು. ಬ್ರಿಟನ್ನಿನ ಗುಪ್ತದಳ ಸೇರಿ 1943ರ ಜೂನ್‌ನಲ್ಲಿ ಹಿಟ್ಲರನ ಪಡೆ ಹಿಡಿದಿದ್ದ ಫ್ರಾನ್ಸಿಗೆ ವೈರ್‌ಲೆಸ್ ಪೆಟ್ಟಿಗೆ ಹಿಡಿದು ಇಳಿದಳು. ಸಿಕ್ಕಿಬಿದ್ದಳು. ಬಾಯಿ ಬಿಡಲಿಲ್ಲ. 1944ರ ಸೆಪ್ಟೆಂಬರಿನಲ್ಲಿ ಡಾಖಾವ್ ಶಿಬಿರದಲ್ಲಿ ಗುಂಡಿಟ್ಟು ಕೊಂದರು. ಮೂವತ್ತು ವರ್ಷ. 1949ರಲ್ಲಿ ಜಾರ್ಜ್ ಕ್ರಾಸ್ ಕೊಟ್ಟರು, ಮರಣಾನಂತರ.

ಸೆರೆಮನೆಯಲ್ಲಿ ಆಕೆಯನ್ನು ಒಂಟಿಯಾಗಿ, ಸರಪಳಿ ಹಾಕಿ ಇಟ್ಟಿದ್ದರು. ಪಕ್ಕದ ಕೋಣೆಯವರಿಗೆ ತಾನು ಯಾರು ಅಂತ ತಿಳಿಸಬೇಕು. ಹೇಗೆ? ಊಟದ ಬಟ್ಟಲಿನ ತಳದಲ್ಲಿ ಕೆರೆದು ಬರೆದಳು: ನೋರಾ ಬೇಕರ್ ಅನ್ನೋ ಹೆಸರು, ಕೆಳಗೆ ವಿಳಾಸ, 4, ಟ್ಯಾವಿಟನ್ ಬೀದಿ. ಅದೇ ಈ ಮನೆ. ಮನೆಯವರನ್ನು ಬಿಟ್ಟು ಹೊರಟದ್ದು ಇದೇ ಬಾಗಿಲಿಂದ.

ಇದನ್ನು ಹೇಳಿ ಮುಗಿಸಿದೆ. ಮೇಕಪ್ಪಣ್ಣ ಬಹಳ ಹೊತ್ತು ಬಾಗಿಲು ನೋಡುತ್ತಾ ನಿಂತರು.

"ಪುಣ್ಯಾತಗಿತ್ತಿ. ಬರೆಯೋಕೆ ಒಂದು ಅಡ್ರೆಸ್ ಇತ್ತು."

ಆ ರಾತ್ರಿ ಹೋಟೆಲಿನಲ್ಲಿ, ಬೆಂಗಳೂರಿಂದ ಕಟ್ಟಿ ತಂದಿದ್ದ ಚಟ್ನಿಪುಡಿಗೆ ಬ್ರೆಡ್ಡು ಅದ್ದಿ ತಿನ್ನುವಾಗ, ಅವರ ಕತೆ ಹೊರಗೆ ಬಂತು. ಬಡ ಕಲಾವಿದರಿಗೆ, ತಂತ್ರಜ್ಞರಿಗೆ ಕೊಡುವ ಮಾಸಾಶನಕ್ಕೆ ಅರ್ಜಿ ಹಾಕಿದ್ದರಂತೆ. ಎರಡು ಸಲ ವಾಪಸ್ಸು ಬಂದಿದೆ. ಅರ್ಜಿಯಲ್ಲಿ ಒಂದು ವಿಳಾಸ, ರೇಷನ್ ಕಾರ್ಡಿನಲ್ಲಿ ಒಂದು, ಆಧಾರಿನಲ್ಲಿ ಇನ್ನೊಂದು. ವಿಚಾರಣೆಗೆ ಬಂದ ಗುಮಾಸ್ತರಿಗೆ ಮನೆಯೇ ಸಿಗಲಿಲ್ಲ, ಅಷ್ಟರಲ್ಲಿ ಇವರು ಬೇರೆ ಕಡೆ ಹೋಗಿದ್ದರು. ಶ್ರೀರಾಂಪುರ, ಮಾಗಡಿ ರಸ್ತೆ, ಕಾಮಾಕ್ಷಿಪಾಳ್ಯ, ಲಗ್ಗೆರೆ... ಬೆಂಗಳೂರಿನಲ್ಲಿ ಒಟ್ಟು ಇಪ್ಪತ್ತೆರಡು ಬಾಡಿಗೆ ಮನೆ. ಹನ್ನೊಂದು ತಿಂಗಳಾಗುವಾಗ ಓನರ್ ಬಾಡಿಗೆ ಏರಿಸ್ತಾನೆ, ಇಲ್ಲವೇ ಮಗನ ಮದುವೆ ಅಂತಾನೆ. ಮೂರನೇ ಅರ್ಜಿ ಬ್ಯಾಗಿನಲ್ಲೇ ಇತ್ತು. ಪ್ಲಾಸ್ಟಿಕ್ ಕವರಿನಲ್ಲಿ ಮಡಚಿಟ್ಟು ಲಂಡನ್ನಿಗೂ ತಂದಿದ್ದರು! ಯಾಕೆ ಅಂದರೆ, "ಮನೇಲಿಟ್ರೆ ಮನೆ ಖಾಲಿ ಮಾಡ್ಸೋವಾಗ ಕಳ್ದೋಗತ್ತೆ" ಅಂದರು.

ಹುಟ್ಟಿದ ಊರು ಅನ್ನೋ ಕಾಲಮ್ಮಿಗೂ ಅವರಲ್ಲಿ ಉತ್ತರ ಇಲ್ಲ. ಹುಟ್ಟಿದ್ದು ನಾಟಕ ಕಂಪನಿ ಕ್ಯಾಂಪಿನಲ್ಲಿ. ಅಮ್ಮ ಅರಸೀಕೆರೆ ಅನ್ನುತ್ತಿದ್ದರಂತೆ, ಅಪ್ಪ ತಿಪಟೂರು ಅನ್ನುತ್ತಿದ್ದರಂತೆ. ಆ ಜಗಳ ಇಬ್ಬರೂ ಸಾಯೋವರೆಗೆ ತೀರ್ಮಾನವಾಗಲಿಲ್ಲ.

"ಅಣ್ಣಾ, ಹಂಗಾದ್ರೆ ನಾಳೆ ನಿಮ್ಮನ್ನ ಒಬ್ರ ಹತ್ರ ಕರ್ಕೊಂಡು ಹೋಗ್ತೀನಿ" ಅಂದೆ. ಮಾರನೇ ದಿನ ಹೀರೋಯಿನ್‌ಗೆ ಜ್ವರ, ಶೂಟಿಂಗ್ ರಜಾ.

ಬೆಳಿಗ್ಗೆ ಥೇಮ್ಸ್ ನದಿ ದಂಡೆ. ಪಾರ್ಲಿಮೆಂಟು ನದಿಯ ಆ ಕಡೆ, ಈ ಕಡೆ ಲ್ಯಾಂಬೆತ್. ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಅನ್ನುವ ದಂಡೆ ರಸ್ತೆಯಲ್ಲಿ ನಮ್ಮ ಬಸವಣ್ಣ ಕೂತಿದ್ದಾರೆ! ಲ್ಯಾಂಬೆತ್‌ನ ಮೇಯರ್ ಆಗಿದ್ದ, ಕಲಬುರಗಿ ಮೂಲದ ಡಾ. ನೀರಜ್ ಪಾಟೀಲರ ಓಡಾಟದಿಂದ ಆದದ್ದು. 2015ರ ನವೆಂಬರ್ 14ರಂದು ಪ್ರಧಾನಿ ಮೋದಿಯವರು ಅನಾವರಣ ಮಾಡಿದರು. ಪರದೇಶದಲ್ಲಿ ನಮ್ಮೋರ ಮುಖ ಕಂಡರೆ ಹೇಗಾಗುತ್ತೆ ಅಂತ ಅಲ್ಲಿ ನಿಂತವರಿಗೇ ಗೊತ್ತು. ಮೇಕಪ್ಪಣ್ಣ ಚಪ್ಪಲಿ ಬಿಟ್ಟು ಕೈ ಮುಗಿದರು. ಆಮೇಲೆ ಚಪ್ಪಲಿ ಮೆಟ್ಟುತ್ತಾ ಮೆಲ್ಲಗೆ, "ಸ್ಥಾವರ ಬ್ಯಾಡ, ಜಂಗಮ ಆಗಿ ಅಂದೋರು. ಅವರನ್ನೇ ತಂದು ಕೂರಿಸ್ಬಿಟ್ಟವ್ರಲ್ಲೋ!" ಅಂದರು. ಎದುರಿಗೆ ನದಿ ಹರಿಯುತ್ತಿತ್ತು.

ಇಲ್ಲಿಂದ ಅರ್ಧ ಗಂಟೆ ನಡೆದರೆ ಚಾರ್ಲಿ ಚಾಪ್ಲಿನ್ ಬಾಲ್ಯದ ಬೀದಿಗಳು. ಜಗತ್ತನ್ನೇ ನಗಿಸಿದ ಮನುಷ್ಯ ಅತ್ತದ್ದೆಲ್ಲ ಇದೇ ಎರಡು ಮೂರು ಮೈಲಿಯೊಳಗೆ. ಅಪ್ಪ, ಅಮ್ಮ ಇಬ್ಬರೂ ರಂಗದ ಹಾಡುಗಾರರು. ಅಪ್ಪ ಕುಡಿದು ಕುಡಿದು 1901ರಲ್ಲಿ ಸತ್ತ. ಸತ್ತದ್ದು ನದಿ ದಂಡೆಯ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ, ಬಸವಣ್ಣನವರ ಕಡೆಗೆ ಬರುವಾಗ ನಾವು ದಾಟಿ ಬಂದ ಆಸ್ಪತ್ರೆಯೇ ಅದು. ಅಮ್ಮನ ಗಂಟಲು ಹೋಯಿತು, ಕೆಲಸ ಹೋಯಿತು, ಕೊನೆಗೆ ಬುದ್ಧಿಯೂ ಹೋಯಿತು.

ಇನ್ನು ಹುಟ್ಟಿದ ಜಾಗ? ವಾಲ್‌ವರ್ತ್‌ನ ಈಸ್ಟ್ ಬೀದಿ, 1889ರ ಏಪ್ರಿಲ್ 16 ಅಂತ ಚಾಪ್ಲಿನ್ನೇ ಹೇಳಿದ್ದು. ಆದರೆ ಜನನ ಪತ್ರವೇ ಇಲ್ಲ! 1952ರಲ್ಲಿ ಅಮೆರಿಕದವರು ಕೇಳಿದರು ಅಂತ ಬ್ರಿಟನ್ನಿನ ಗೂಢಚಾರರು ದಾಖಲೆ ಜಾಲಾಡಿದರು. ಏನೂ ಸಿಗಲಿಲ್ಲ. ಆ ಕಡತ 2012ರಲ್ಲಿ ಹೊರಬಂತು. ಬರ್ಮಿಂಗ್‌ಹ್ಯಾಮ್ ಕಡೆಯ ಜಿಪ್ಸಿಗಳ ಬಂಡಿಯಲ್ಲಿ ಹುಟ್ಟಿದವನು ನೀನು ಅಂತ ಒಬ್ಬರು ಬರೆದ ಕಾಗದವೊಂದು ಚಾಪ್ಲಿನ್ ಸತ್ತ ಮೇಲೆ ಮನೆಯವರಿಗೆ ಸಿಕ್ಕಿತು.

"ನೋಡಪ್ಪ, ಅವನದೂ ಅರಸೀಕೆರೆ ತಿಪಟೂರು ಕೇಸು!" ಮೇಕಪ್ಪಣ್ಣ ಮೊದಲ ಸಲ ಗಟ್ಟಿಯಾಗಿ ನಕ್ಕರು. ದಾರಿಹೋಕ ಹೆಂಗಸೊಬ್ಬಳು ತಿರುಗಿ ನೋಡಿದಳು.

ಕೆನ್ನಿಂಗ್ಟನ್ನಿನ ರೆನ್‌ಫ್ರೂ ರಸ್ತೆಯಲ್ಲಿ ಹಳೇ ಇಟ್ಟಿಗೆ ಕಟ್ಟಡ. ಒಂದು ಕಾಲಕ್ಕೆ ಲ್ಯಾಂಬೆತ್ ವರ್ಕ್‌ಹೌಸು, ಗತಿಯಿಲ್ಲದವರನ್ನು ಕೂಡಿಹಾಕುವ ಗಂಜಿಕೇಂದ್ರ. 1896ರಲ್ಲಿ ಅಮ್ಮ ಹಾನಾ, ಅಣ್ಣ ಸಿಡ್ನಿ, ಏಳು ವರ್ಷದ ಚಾರ್ಲಿ ಇದರ ಬಾಗಿಲು ತಟ್ಟಿದರು. ಒಳಗೆ ಹೋದ ತಕ್ಷಣ ಅಮ್ಮ ಒಂದು ಕಡೆ, ಮಕ್ಕಳು ಒಂದು ಕಡೆ. ಇವತ್ತು ಆ ಕಟ್ಟಡದಲ್ಲಿ ಏನಿದೆ ಗೊತ್ತೆ? ಸಿನಿಮಾ ಮ್ಯೂಸಿಯಂ! ಹಳೇ ಪ್ರೊಜೆಕ್ಟರುಗಳು, ಪೋಸ್ಟರುಗಳು, ಗೇಟ್‌ಕೀಪರುಗಳ ಸಮವಸ್ತ್ರ. ಮುಂಚೆಯೇ ಹೆಸರು ಕೊಟ್ಟು ಬರಬೇಕಂತೆ, ನಮಗೆ ಗೊತ್ತಿರಲಿಲ್ಲ. ಹೊರಗಡೆಯಿಂದಲೇ ನೋಡಿದೆವು. ಮೇಕಪ್ಪಣ್ಣ ಗೋಡೆಯ ಇಟ್ಟಿಗೆ ಮುಟ್ಟಿ ನೋಡಿದರು.

ಮೆತ್ಲಿ ಬೀದಿ 39ನೇ ನಂಬರು. ಸಣ್ಣ ಸಾಲುಮನೆ. ಆಗ ಹತ್ತಿರದಲ್ಲೇ ಉಪ್ಪಿನಕಾಯಿ ಕಾರ್ಖಾನೆ, ಕಸಾಯಿಖಾನೆ. ಒಂದು ದಿನ ಕಡಿಯಲು ಒಯ್ಯುತ್ತಿದ್ದ ಕುರಿ ತಪ್ಪಿಸಿಕೊಂಡಿತು. ಜನ ಹಿಡಿಯಲು ಹೋಗಿ ಮುಗ್ಗರಿಸಿ ಬಿದ್ದರು, ಚಾರ್ಲಿ ಬಿದ್ದು ಬಿದ್ದು ನಕ್ಕ. ಕುರಿ ಸಿಕ್ಕಿತು. ಎಳೆದುಕೊಂಡು ಹೋದರು. ಆಗ ಹುಡುಗನಿಗೆ ಹೊಳೆಯಿತು; ಮನೆಗೆ ಓಡಿ, ಅದನ್ನ ಕೊಂದುಬಿಡ್ತಾರಮ್ಮಾ ಅಂತ ಅಮ್ಮನ ಮುಂದೆ ಗೋಳೋ ಅಂತ ಅತ್ತ. ತನ್ನ ಸಿನಿಮಾಗಳ ಬೇರು ಇಲ್ಲೇ ಇರಬಹುದೇನೋ ಅಂತ ಮುದಿತನದಲ್ಲಿ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ನಗು ಬಂದ ಜಾಗದಲ್ಲೇ ಅಳು. ಈ ಬೀದಿ ನೋಡಿದ ಮೇಲೆ 'ದಿ ಕಿಡ್' ಇನ್ನೊಂದು ಸಲ ನೋಡಿ, ನಾನು ಹೇಳೋದು ಗೊತ್ತಾಗುತ್ತೆ.

ಇಲ್ಲಿಯೂ, ಅಪ್ಪನ ಜೊತೆ ಕೆಲವು ತಿಂಗಳಿದ್ದ ಕೆನ್ನಿಂಗ್ಟನ್ ರಸ್ತೆಯ 287ನೇ ನಂಬರಿನಲ್ಲೂ ಬೇರೆಯವರು ಹಾಕಿದ ಫಲಕಗಳಿವೆ. ಆದರೆ ಚಾಪ್ಲಿನ್ ಹೆಚ್ಚು ನೆನೆಯುವ ಮನೆ ಪೌನಾಲ್ ಟೆರೇಸ್‌ನ ಮೂರನೇ ನಂಬರಿನ ಅಟ್ಟ. ತಗ್ಗಿ ನಿಲ್ಲಬೇಕಾದ ಇಳಿಜಾರು ಸೂರಿನ ಒಂಟಿ ಕೋಣೆ. 1903ರಲ್ಲಿ ಅಮ್ಮನಿಗೆ ಬುದ್ಧಿ ಕೆಟ್ಟದ್ದು ಅಲ್ಲಿ. ಹದಿನಾಲ್ಕರ ಹುಡುಗ ಕೈ ಹಿಡಿದು ಅಮ್ಮನನ್ನು ಆಸ್ಪತ್ರೆಗೆ ನಡೆಸಿಕೊಂಡು ಹೋದದ್ದು ಅಲ್ಲಿಂದ. 1921ರಲ್ಲಿ ಜಗತ್ಪ್ರಸಿದ್ಧನಾಗಿ ಲಂಡನ್ನಿಗೆ ಬಂದಾಗ ಜನಜಂಗುಳಿ ತಪ್ಪಿಸಿಕೊಂಡು ಟ್ಯಾಕ್ಸಿ ಹತ್ತಿ ಆ ಅಟ್ಟ ನೋಡಲು ಹೋಗಿದ್ದ. ಈಗ ಆ ಸಾಲೇ ಇಲ್ಲ, ಕೆಡವಿದ್ದಾರೆ. ಕಟ್ಟಡ ಇಲ್ಲದ ಮೇಲೆ ನೀಲಿ ಬಿಲ್ಲೆಯೂ ಇಲ್ಲ. ನಿಯಮ ನಿಯಮವೇ. ಆದರೆ ನನಗೆ ಈ ನಿಯಮದ ಮೇಲೆ ಸ್ವಲ್ಪ ಸಿಟ್ಟಿದೆ. ಗಟ್ಟಿ ಕಲ್ಲಿನ ಮನೆಯಲ್ಲಿದ್ದವನ ಹೆಸರು ನಿಲ್ಲುತ್ತೆ. ಮುರುಕು ಅಟ್ಟದಲ್ಲಿದ್ದವನ ಅಟ್ಟ ಬೀಳುತ್ತೆ, ಹೆಸರು ಹಾಕೋಕೆ ಗೋಡೆ ಇರೋದಿಲ್ಲ.

ಕೆನ್ನಿಂಗ್ಟನ್ ರಸ್ತೆಯಲ್ಲಿ 159ನೇ ನಂಬರ್ ಬಸ್ಸು ಹತ್ತಿದೆವು. ಬಸ್ ಸ್ಟ್ಯಾಂಡಿನ ಓದುಗರಿಗೆ ಇದನ್ನು ಹೇಳಲೇಬೇಕು: ಹಿಂದುಗಡೆ ಬಾಗಿಲಿಲ್ಲದ, ಕಂಡಕ್ಟರ್ ಇರುವ ಹಳೇ ಕೆಂಪು ರೂಟ್‌ಮಾಸ್ಟರ್ ಬಸ್ಸುಗಳು ದಿನನಿತ್ಯದ ಮಾಮೂಲಿ ಓಡಾಟ ನಿಲ್ಲಿಸಿದ್ದು ಇದೇ ರೂಟಿನಲ್ಲಿ, 2005ರ ಡಿಸೆಂಬರಿನಲ್ಲಿ. ಈಗಿನದರಲ್ಲಿ ಕಂಡಕ್ಟರ್ ಇಲ್ಲ, ಕಾರ್ಡು ಒತ್ತಿದರೆ 'ಕೀಂ' ಅನ್ನುತ್ತೆ, ಮುಗೀತು. ಮಹಡಿ ಮೇಲೆ ಮುಂದಿನ ಸೀಟು ಹಿಡಿದೆವು.

ಬಸ್ಸು ಕೆನ್ನಿಂಗ್ಟನ್ ಪಾರ್ಕಿನ ಮಗ್ಗುಲಿಗೆ ಬಂದಾಗ ಇನ್ನೊಂದು ಕತೆ ಹೇಳಿದೆ. ಮಕ್ಕಳು ವರ್ಕ್‌ಹೌಸಿನವರ ವಶದಲ್ಲಿದ್ದಾಗ ಒಮ್ಮೆ ಅಮ್ಮ, ನಾವು ಬಿಟ್ಟು ಹೋಗ್ತೀವಿ ಅಂತ ಹೇಳಿ, ಅವರವರ ಸ್ವಂತ ಬಟ್ಟೆ ವಾಪಸ್ ಪಡೆದು, ಮಕ್ಕಳ ಜೊತೆ ಹೊರಗೆ ಬಂದಳು. ಹೋಗಲು ಮನೆ ಎಲ್ಲಿದೆ? ಈ ಪಾರ್ಕಿಗೆ ಬಂದರು. ಸಿಡ್ನಿಯ ಕೈಯಲ್ಲಿ ಒಂಬತ್ತು ಪೆನ್ನಿ. ಅರ್ಧ ಪೌಂಡು ಕಪ್ಪು ಚೆರ್ರಿ ಹಣ್ಣು ಕೊಂಡು ತಿಂದರು. ಹಳೇ ಪೇಪರು ಉಂಡೆ ಕಟ್ಟಿ ಚೆಂಡಾಟ ಆಡಿದರು. ಸಂಜೆ ಆಯಿತು. ಮೂವರೂ ನಡೆದುಕೊಂಡು ಮತ್ತೆ ವರ್ಕ್‌ಹೌಸಿಗೇ ಹೋಗಿ ಸೇರಿಕೊಂಡರು! ಎಲ್ಲಾ ಕಾಗದಪತ್ರ ಮತ್ತೆ ಮೊದಲಿನಿಂದ. ಅಲ್ಲಿಯ ಅಧಿಕಾರಿಗಳಿಗೆ ಕೆಟ್ಟ ಕೋಪವಂತೆ.

ಮೇಕಪ್ಪಣ್ಣ ಕಿಟಕಿಯಿಂದ ಪಾರ್ಕು ನೋಡುತ್ತಲೇ ಇದ್ದರು. ನಮ್ಮ ಸ್ಟಾಪು ದಾಟಿಯೇ ಹೋಯಿತು. ಇಳಿದು ಹಿಂದಕ್ಕೆ ನಡೆದೆವು.

ಬ್ರಿಕ್ಸ್ಟನ್ ರಸ್ತೆಯ ಮೇಲೆ ಗ್ಲೆನ್‌ಷಾ ಮ್ಯಾನ್ಷನ್ಸ್. ಹೆಸರಿಗೆ ಮ್ಯಾನ್ಷನ್ನು, ನೋಡಿದರೆ ಕೆಂಪಿಟ್ಟಿಗೆಯ ಸಾಧಾರಣ ಫ್ಲಾಟು ಕಟ್ಟಡ. ಮುಂದುಗಡೆ ಬೈಸಿಕಲ್ಲು, ಕಸದ ಡಬ್ಬ. ಗೋಡೆಯಲ್ಲಿ ನೀಲಿ ಬಿಲ್ಲೆ: ಚಾರ್ಲಿ ಚಾಪ್ಲಿನ್, ನಟ, ಚಿತ್ರ ನಿರ್ಮಾತೃ. 2017ರಲ್ಲಿ ಹಾಕಿದ್ದು, ಆತ ಸತ್ತು ನಲವತ್ತು ವರ್ಷವಾದ ಮೇಲೆ. 1908ರಿಂದ 1910ರವರೆಗೆ ಇಲ್ಲಿನ 15ನೇ ಫ್ಲಾಟಿನಲ್ಲಿ ಅಣ್ಣತಮ್ಮ ಇದ್ದರು.

ಇಷ್ಟೆಲ್ಲಾ ಮನೆ ಬಿಟ್ಟು ಇದಕ್ಕೇ ಯಾಕೆ ಅಂದರೆ, ಇದು ಅವರು ಸ್ವಂತ ದುಡಿಮೆಯಿಂದ ಮಾಡಿದ ಮೊದಲ ಮನೆ. ಇಬ್ಬರೂ ಕಾರ್ನೊ ಅನ್ನುವವನ ಹಾಸ್ಯ ಕಂಪನಿಯಲ್ಲಿ ಸಂಬಳಕ್ಕಿದ್ದರು. ನಲವತ್ತು ಪೌಂಡು ಕೂಡಿಸಿ ಸೆಕೆಂಡ್‌ಹ್ಯಾಂಡ್ ಅಂಗಡಿಯಿಂದ ಕುರ್ಚಿ, ಮೇಜು ತಂದರು. ಮೂರಿಶ್ ಜಾಲರಿಯ ಅಡ್ಡತೆರೆ ಬೇರೆ, ಅದರ ಹಿಂದೆ ಹಳದಿ ಬಲ್ಬು! ಸೆಟ್ ಹಾಕೋ ಬುದ್ಧಿ ಆಗಲೇ ಬಂದಿತ್ತು ನೋಡಿ. ಆ ಹುಡುಗರಿಗೆ ಅದು ಅರಮನೆ. 1910ರಲ್ಲಿ ಚಾರ್ಲಿ ಕಂಪನಿ ಜೊತೆ ಅಮೆರಿಕಕ್ಕೆ ಹೋದ. 1912ರಲ್ಲಿ ತಿರುಗಿ ಬಂದರೆ ಏನಿದೆ? ಸಿಡ್ನಿ ಮದುವೆಯಾಗಿ ಫ್ಲಾಟು ಬಿಟ್ಟುಕೊಟ್ಟಾಗಿತ್ತು. ಬಾಡಿಗೆ ಕೋಣೆ ಹಿಡಿದ, ಮತ್ತೆ.

ಈ ಬಿಲ್ಲೆಗಳನ್ನು ಮಾಡುವ ಬಗೆಯನ್ನೂ ಹೇಳಿಬಿಡ್ತೀನಿ. ಮಣ್ಣಿನಿಂದ ಕೈಯಲ್ಲೇ ಮಾಡಿ, ಬಣ್ಣದ ಗಾಜುಲೇಪ ಕೊಟ್ಟು, ಭಟ್ಟಿಯಲ್ಲಿ ಸುಡೋದು. ಅಗಲ ಹತ್ತೊಂಬತ್ತೂವರೆ ಅಂಗುಲ, ದಪ್ಪ ಎರಡಂಗುಲ. ಮಧ್ಯ ಒಂದಿಷ್ಟು ಉಬ್ಬು, ಮಳೆ ಬಿದ್ದರೆ ತಾನೇ ತೊಳೆದುಕೊಳ್ಳಲಿ ಅಂತ. ಅಕ್ಷರಗಳೂ ಬೆರಳಿಗೆ ಸಿಗುವಂತೆ ಕೊಂಚ ಎದ್ದಿರುತ್ತವೆ. ಈಗಿನ ಈ ಸರಳ ನಮೂನೆ ಬಂದದ್ದು 1938ರಲ್ಲಿ. ಕಲಾಶಾಲೆಯ ಒಬ್ಬ ವಿದ್ಯಾರ್ಥಿ ಬರೆದುಕೊಟ್ಟದ್ದು, ನಾಲ್ಕು ಗಿನ್ನಿ ಕೊಟ್ಟರು. ಆ ವಿದ್ಯಾರ್ಥಿಯ ಹೆಸರು ದಾಖಲೆಯಲ್ಲಿಲ್ಲ.

ಇದನ್ನು ಹೇಳಿದಾಗ ಮೇಕಪ್ಪಣ್ಣ, "ಟೈಟಲ್ ಕಾರ್ಡಲ್ಲಿ ಹಾಕ್ಲಿಲ್ವಾ?" ಅಂದರು. ಎಷ್ಟೋ ಸಿನಿಮಾಗಳ ಟೈಟಲ್ ಕಾರ್ಡಿನಲ್ಲಿ ಅವರ ಹೆಸರೂ ಬಿಟ್ಟುಹೋಗಿದೆ.

ಆ ಗೋಡೆಯ ಕೆಳಗೆ ಅವರ ಫೋಟೋ ತೆಗೆದೆ. ಬಿಲ್ಲೆ ಬಹಳ ಎತ್ತರದಲ್ಲಿತ್ತು, ಬಿಲ್ಲೆ ಬಂದರೆ ಅಣ್ಣ ಬರಲ್ಲ, ಅಣ್ಣ ಬಂದರೆ ಬಿಲ್ಲೆ ಬರಲ್ಲ. ರಸ್ತೆ ದಾಟಿ ಆ ಕಡೆ ಹೋಗಿ ತೆಗೆದೆ. ಅಷ್ಟರಲ್ಲಿ ಒಂದು ಬಸ್ಸು ಅಡ್ಡ ಬಂತು. ಮೂರನೇದರಲ್ಲಿ ಇಬ್ಬರೂ ಸಿಕ್ಕರು. ಅಣ್ಣ ಸಣ್ಣಗೆ ಕಾಣ್ತಾರೆ.

ವಾಪಸ್ಸು ಬರುವಾಗ ವಿಮಾನದಲ್ಲಿ ಎಲ್ಲರೂ ನಿದ್ದೆ ಹೋದ ಮೇಲೆ ಅವರು ಪ್ಲಾಸ್ಟಿಕ್ ಕವರು ತೆಗೆದರು. "ನಿನ್ನಕ್ಷರ ಚೆನ್ನಾಗಿದೆ, ತುಂಬಿಸಿಕೊಡು" ಅಂದರು. ಹೆಸರು, ತಂದೆಯ ಹೆಸರು, ವಯಸ್ಸು. ಹುಟ್ಟಿದ ಊರಿಗ ಬಂದಾಗ ಒಂದು ನಿಮಿಷ ಯೋಚಿಸಿ "ಅರಸೀಕೆರೆ ಬರಿ, ಅಮ್ಮಂದೇ ಇರ್ಲಿ" ಅಂದರು. ಖಾಯಂ ವಿಳಾಸ ಅಂತ ನಾನು ಓದಿದೆ. ಅವರು ಕಿಟಕಿ ಕಡೆ ತಿರುಗಿದರು. ಹೊರಗೆ ಕತ್ತಲೆ.

"ನಮ್ಮಕ್ಕಂದು ಬರಿ. ಕಡೂರ ಹತ್ರ. ಹೆಂಚಿನ ಮನೆ, ಸ್ವಂತದ್ದು. ಅಲ್ಲೇ ಒಂದು ಮೂಲೇಲಿ ನಂದೊಂದು ಟ್ರಂಕ್ ಇದೆ."

ಬರೆದೆ. ಬೆಂಗಳೂರಿಗೆ ಬಂದು ನಾನೇ ಜೊತೆಗೆ ಹೋಗಿ ಅರ್ಜಿ ಕೊಟ್ಟು ಬಂದೆವು. ರಸೀತಿ ಕೊಟ್ಟಿದ್ದಾರೆ. ಲಂಡನ್ನಿನ ಫೋಟೋ ಪ್ರಿಂಟು ಹಾಕಿಸಿ ಮೊನ್ನೆ ಮನೆಗೆ ತಗೊಂಡು ಹೋದರೆ ಬಾಗಿಲಿಗೆ ಬೀಗ, ಟು-ಲೆಟ್ ಬೋರ್ಡು. ಫೋನ್ ಮಾಡಿದೆ.

"ಈಗ ಸುಂಕದಕಟ್ಟೆ ಕಣೋ ಮರಿ. ಬಸ್ ಸ್ಟ್ಯಾಂಡ್ ಹತ್ರ ಬಂದು ಫೋನ್ ಮಾಡು, ನಾನೇ ಬರ್ತೀನಿ" ಅಂದರು.